ನೆಲದ ಸಾಕ್ಷ್ಯ

2021ರ ಜನವರಿ 21, ಗುರುವಾರ. ರಾತ್ರಿ ಹತ್ತೂಕಾಲು ದಾಟಿತ್ತು. ಕಾಗದನಗರದ ನಮ್ಮ ಮನೆಯಲ್ಲಿ ಊಟ ಮುಗಿಸಿ, ಮಲಗುವ ಮುನ್ನ ಓದುವ ಅಭ್ಯಾಸದಂತೆ ಪುಸ್ತಕ ಹಿಡಿದು ಕುಳಿತಿದ್ದೆ. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ಆಗಲೇ ಕೆಲವು ವರ್ಷಗಳಾಗಿದ್ದುದರಿಂದ ನಮ್ಮಲ್ಲಿ ರಾತ್ರಿಗಳು ಬಹಳ ನಿಶ್ಶಬ್ದ. ಆ ನಿಶ್ಶಬ್ದದ ನಡುವೆ ಒಮ್ಮೆಲೇ ಕಿಟಕಿಯ ಗಾಜುಗಳು ಬಡಿದುಕೊಂಡವು. ಅಡುಗೆಮನೆಯ ಪಾತ್ರೆಗಳು ಸದ್ದುಮಾಡಿದವು. ದೂರದಲ್ಲಿ ಗುಡುಗಿನಂಥ ಶಬ್ದ ಕೇಳಿಸಿತು. ಬೀದಿಯವರೆಲ್ಲ ಹೊರಗೆ ಬಂದರು.

ಸ್ವಲ್ಪ ಹೊತ್ತಿನಲ್ಲೇ ಶಿವಮೊಗ್ಗದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಬಂತು. “ಸಾರ್, ಇದು ಭೂಕಂಪವೇ?” ಎಂದು ಕೇಳಿದ. ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದ ನಾಲಿಗೆಗೆ ತಡೆಯೆಲ್ಲಿ? “ಭೂಕಂಪವೇ ಕಣಯ್ಯ. ರಿಕ್ಟರ್ ಮಾಪಕದಲ್ಲಿ ನಾಲ್ಕರ ಆಸುಪಾಸು ಇದ್ದೀತು. ಮತ್ತೆ ಕಂಪಿಸಬಹುದು, ಒಳಗೆ ಹೋಗಬೇಡಿ” ಎಂದುಬಿಟ್ಟೆ. ನನ್ನ ಮಾತನ್ನು ನಂಬಿ ಆತ ವಯಸ್ಸಾದ ತಾಯಿಯನ್ನೂ ಎಳೆಯ ಕೂಸನ್ನೂ ಕರೆದುಕೊಂಡು ಜನವರಿಯ ಚಳಿಯಲ್ಲಿ ಬಹಳ ಹೊತ್ತು ಅಂಗಳದಲ್ಲೇ ಕುಳಿತಿದ್ದನೆಂದು ಮಾರನೆಯ ದಿನ ತಿಳಿಯಿತು.

“ರೀ, ನಡುಗಿದ್ದು ಕಿಟಕಿ. ನನ್ನ ಕಾಲ ಕೆಳಗಿನ ನೆಲ ಅಲ್ಲಾಡಲೇ ಇಲ್ಲ” ಎಂದು ನನ್ನ ಮಡದಿ ಆಗಲೇ ಹೇಳಿದ್ದಳು. ನಾನದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಬೆಳಗಾಗುವಷ್ಟರಲ್ಲಿ ನಿಜಸಂಗತಿ ಹೊರಬಿದ್ದಿತು. ಶಿವಮೊಗ್ಗದ ಸಮೀಪದ ಹುಣಸೋಡಿನಲ್ಲಿ, ಜಲ್ಲಿ ಕ್ರಷರಿನ ಬಳಿ, ಕಲ್ಲುಗಣಿಗಾರಿಕೆಯ ಸ್ಫೋಟಕಗಳು ಸಿಡಿದು ಹಲವರು ಪ್ರಾಣ ಕಳೆದುಕೊಂಡಿದ್ದರು. ನಮ್ಮ ಜಿಲ್ಲೆಯಲ್ಲಷ್ಟೇ ಅಲ್ಲ, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳಲ್ಲಿಯೂ ಜನರು ಭೂಕಂಪವೆಂದೇ ಭಯಪಟ್ಟಿದ್ದರು. ಆದರೆ ಮಾಪನ ಕೇಂದ್ರಗಳಲ್ಲಿ ಭೂಕಂಪವೇನೂ ದಾಖಲಾಗಿಲ್ಲವೆಂದು ತಜ್ಞರು ತಿಳಿಸಿದ್ದರು. ಇಷ್ಟು ಜನರ ಅನುಭವ ತಪ್ಪಿದ ಕಡೆ ಯಂತ್ರವು ಹೇಗೆ ತಪ್ಪಲಿಲ್ಲ? ನಾನು ತರಗತಿಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮುಗಿಸಿದ್ದ ವಿಷಯವನ್ನು ಮತ್ತೆ ಓದಿಕೊಳ್ಳಬೇಕಾಯಿತು.

ಭೂಕಂಪವನ್ನು ಯಂತ್ರದಿಂದ ಅರಿಯುವ ಹಂಬಲ ಬಹು ಹಳೆಯದು. ಕ್ರಿ.ಶ. 132ರಲ್ಲಿ ಚೀನಾದ ಝಾಂಗ್ ಹೆಂಗ್ ಎಂಬ ವಿದ್ವಾಂಸನು ಎಂಟು ದಿಕ್ಕಿಗೆ ಎಂಟು ಡ್ರ್ಯಾಗನ್ ಮುಖಗಳಿದ್ದ ಕಂಚಿನ ಪಾತ್ರೆಯೊಂದನ್ನು ರಚಿಸಿದನು. ನೆಲ ಕಂಪಿಸಿದರೆ ಒಂದು ಡ್ರ್ಯಾಗನ್ನಿನ ಬಾಯಿಂದ ಗುಂಡು ಕೆಳಗಿನ ಕಪ್ಪೆಯ ಬಾಯಿಗೆ ಬೀಳುತ್ತಿತ್ತು. ಕಂಪನ ಬಂದುದನ್ನೂ ದಿಕ್ಕನ್ನೂ ಅದು ಸೂಚಿಸಬಹುದಿತ್ತು. ಬರೆದಿಡುವ ಶಕ್ತಿ ಅದಕ್ಕಿರಲಿಲ್ಲ. ಬರೆಯುವ ಯಂತ್ರ ಹದವಾದದ್ದು 1880ರ ದಶಕದಲ್ಲಿ, ಜಪಾನಿನಲ್ಲಿ ಕೆಲಸಮಾಡುತ್ತಿದ್ದ ಜಾನ್ ಮಿಲ್ನ್ ಮತ್ತು ಅವರ ಸಂಗಡಿಗರಿಂದ. ಅದರ ತತ್ತ್ವ ಸರಳ. ಬಸ್ಸು ಥಟ್ಟನೆ ಹೊರಟರೆ ನಿಂತವರು ಹಿಂದಕ್ಕೆ ವಾಲುತ್ತೇವೆ, ಏಕೆಂದರೆ ದೇಹವು ಇದ್ದಲ್ಲಿಯೇ ಇರಬಯಸುತ್ತದೆ. ಹಾಗೆಯೇ ತೂಗುಹಾಕಿದ ಭಾರವಾದ ಗುಂಡು, ನೆಲ ಸರಿದರೂ ತಾನು ಸುಲಭವಾಗಿ ಸರಿಯದು. ಗುಂಡಿಗೂ ನೆಲಕ್ಕೂ ನಡುವಿನ ಈ ವ್ಯತ್ಯಾಸವೇ ಕಾಗದದ ಮೇಲೆ ಅಂಕುಡೊಂಕಾದ ಗೆರೆಯಾಗುತ್ತದೆ.

ಆ ಗೆರೆಯನ್ನು ಓದುವ ವಿದ್ಯೆಗೆ ನಮ್ಮ ದೇಶದ ನಂಟಿದೆ. 1897ರ ಜೂನ್ 12ರಂದು ಅಸ್ಸಾಮಿನಲ್ಲಿ ಮಹಾಭೂಕಂಪ ಸಂಭವಿಸಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅದನ್ನು ಅಭ್ಯಸಿಸಿ, ದೂರದ ಯುರೋಪಿನ ಯಂತ್ರಗಳಲ್ಲಿ ಮೂಡಿದ ಗೆರೆಗಳಲ್ಲಿ ಮೂರು ಬಗೆಯ ಅಲೆಗಳು ಒಂದರ ಹಿಂದೊಂದು ಬಂದಿರುವುದನ್ನು ಗುರುತಿಸಿದರು. ಮೊದಲು ಬರುವವು ಪ್ರಾಥಮಿಕ ಅಲೆಗಳು. ಇವು ನೆಲವನ್ನು ಒತ್ತಿ ಹಿಗ್ಗಿಸುತ್ತ ಸಾಗುತ್ತವೆ. ಆಮೇಲಿನವು ದ್ವಿತೀಯ ಅಲೆಗಳು. ಹಗ್ಗದ ಒಂದು ತುದಿಯನ್ನು ಕೊಡವಿದಂತೆ ಅಡ್ಡಡ್ಡವಾಗಿ ಅಲುಗಿಸುತ್ತವೆ. ಕೊನೆಯವು ಭೂಮಿಯ ಮೇಲ್ಮೈಯಲ್ಲಿ ಹರಿಯುವ ಅಲೆಗಳು. 1898ರ ಡಿಸೆಂಬರಿನಲ್ಲಿ ಕಲ್ಕತ್ತೆಯ ಅಲಿಪುರದಲ್ಲಿ ದೇಶದ ಮೊದಲ ಭೂಕಂಪ ವೀಕ್ಷಣಾಲಯ ಆರಂಭವಾಯಿತು.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ ಸಿಡಿಲಿನ ದೂರ ಊಹಿಸುವುದನ್ನು ನಾವೆಲ್ಲ ಬಾಲ್ಯದಲ್ಲಿ ಮಾಡಿದ್ದೇವೆ. ಇಲ್ಲಿಯೂ ಲೆಕ್ಕ ಅದೇ. ಭೂಮಿಯ ಹೊರಪದರದಲ್ಲಿ ಪ್ರಾಥಮಿಕ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ದ್ವಿತೀಯ ಅಲೆ ಸುಮಾರು 3.5 ಕಿ.ಮೀ. ಸಾಗುತ್ತದೆ. ಎರಡರ ನಡುವೆ 25 ಸೆಕೆಂಡುಗಳ ಅಂತರವಿದ್ದರೆ ಭೂಕಂಪ ಹೆಚ್ಚುಕಡಿಮೆ 200 ಕಿ.ಮೀ. ದೂರದ್ದು. ಆದರೆ ಯಾವ ದಿಕ್ಕಿನಲ್ಲಿ? ಅದನ್ನು ಈ ಲೆಕ್ಕವೊಂದೇ ಹೇಳಲಾರದು. ನಾನು ಕರಿಹಲಗೆಯ ಮೇಲೆ ದಾರಕ್ಕೆ ಸೀಮೆಸುಣ್ಣ ಕಟ್ಟಿ ಮೂರು ವೃತ್ತ ಎಳೆಯುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೂರು ಕೇಂದ್ರಗಳಿಂದ ಎಳೆದ ವೃತ್ತಗಳು ಕೂಡುವ ಸ್ಥಳವೇ ಕಂಪನದ ನೆಲೆ. ಇಂದು ಗಣಕಯಂತ್ರಗಳು ಹತ್ತಾರು ಕೇಂದ್ರಗಳ ಲೆಕ್ಕ ಸೇರಿಸಿ ಆಳವನ್ನೂ ಹೇಳುತ್ತವೆ.

ಇನ್ನು ಅಳತೆ. ರಿಕ್ಟರ್ ಮಾಪಕವೆಂಬುದು ಯಂತ್ರವಲ್ಲ, ಗಣಿತ. ಅಮೆರಿಕದ ಚಾರ್ಲ್ಸ್ ರಿಕ್ಟರ್ 1935ರಲ್ಲಿ ಇದನ್ನು ರೂಪಿಸಿದರು. ಒಂದು ಅಂಕಿ ಏರಿದರೆ ಗೆರೆಯ ಎತ್ತರ 10 ಪಟ್ಟು, ಹೊರಬಿದ್ದ ಶಕ್ತಿ ಸುಮಾರು 32 ಪಟ್ಟು. ದೊಡ್ಡ ಭೂಕಂಪಗಳಿಗೆ ಈ ಲೆಕ್ಕ ಸಾಲದಾದ್ದರಿಂದ 1979ರಲ್ಲಿ ಹ್ಯಾಂಕ್ಸ್ ಮತ್ತು ಕಾನಾಮೊರಿ ಎಂಬುವರು ಬಿರುಕಿನ ವಿಸ್ತಾರವನ್ನೂ ಶಿಲೆಗಳು ಸರಿದ ದೂರವನ್ನೂ ಗಣಿಸುವ ಹೊಸ ಮಾನವನ್ನು ಕೊಟ್ಟರು. ಯಾವ ಗೆರೆಯನ್ನೂ ನೋಡದೆ ದೂರವಾಣಿಯಲ್ಲಿ “ನಾಲ್ಕು” ಎಂದ ನನ್ನ ಮಾತಿಗೆ ಆಧಾರವೇನಿತ್ತು?

ಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸುವ ವಿದ್ಯೆಯೂ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದಿದೆ. 1963ರ ಒಪ್ಪಂದದ ಬಳಿಕ ಹಲವು ರಾಷ್ಟ್ರಗಳು ಅಣುಬಾಂಬಿನ ಪರೀಕ್ಷೆಗಳನ್ನು ನೆಲದೊಳಗೆ ನಡೆಸತೊಡಗಿದ್ದವು. ಅವನ್ನು ಪತ್ತೆಹಚ್ಚಲು 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ಗೌರಿಬಿದನೂರಿನಲ್ಲಿ 20 ಯಂತ್ರಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಸಾಲಾಗಿ ಹೂಡಲಾಯಿತು. ಸ್ಫೋಟವು ನೆಲವನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಆದ್ದರಿಂದ ಎಲ್ಲ ಕೇಂದ್ರಗಳಲ್ಲಿಯೂ ಮೊದಲ ಚಲನೆ ಮೇಲ್ಮುಖವಾಗಿರುತ್ತದೆ. ಭೂಕಂಪದಲ್ಲಿ ಶಿಲೆಗಳು ಒಂದರ ಪಕ್ಕಕ್ಕೊಂದು ಜಾರುವುದರಿಂದ ಕೆಲವೆಡೆ ಮೇಲ್ಮುಖ, ಕೆಲವೆಡೆ ಕೆಳಮುಖ. ದ್ವಿತೀಯ ಅಲೆಗಳೂ ಬಲವಾಗಿರುತ್ತವೆ. ಸ್ಫೋಟ ನೆಲದ ಮೇಲೆಯೇ ಆದರಂತೂ ಶಕ್ತಿಯ ಬಹುಭಾಗ ಗಾಳಿಗೆ ಹೋಗಿ, ಆ ಒತ್ತಡವು ದೂರದ ಕಿಟಕಿಗಳನ್ನು ಬಡಿಯುತ್ತದೆ. ನನ್ನ ಮಡದಿ ಅಂದು ಗಮನಿಸಿದ್ದು ಇದನ್ನೇ.

ವಿದ್ಯಾರ್ಥಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡಾಗ ಆತ, “ಬಿಡಿ ಸಾರ್, ಒಂದು ರಾತ್ರಿ ಚಳಿ, ಅಷ್ಟೇ ತಾನೆ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಅಂದು ಮಾಪನ ಕೇಂದ್ರಗಳು ಇಲ್ಲದಿದ್ದು, ನನ್ನಂಥವರ ಮಾತೇ ಬೆಳಗಿನವರೆಗೆ ನಿಂತಿದ್ದರೆ ನಾವೆಲ್ಲ ಭೂತಾಯಿಯನ್ನು ದೂರುತ್ತಾ ಕೂರುತ್ತಿದ್ದೆವು. ಅತ್ತ ಹುಣಸೋಡಿನಲ್ಲಿ ಮಡಿದವರು ಪ್ರಕೃತಿಯ ಮುನಿಸಿಗೆ ಬಲಿಯಾದವರಲ್ಲ. ಮನುಷ್ಯರು ತಂದಿಟ್ಟ ಸ್ಫೋಟಕಗಳಿಗೆ ಬಲಿಯಾದವರು. ದೇವರ ಆಟವೆಂದು ಸುಮ್ಮನಿರಬಹುದಾದ ಸಾವಿಗೂ, ಯಾರಾದರೂ ಉತ್ತರ ಕೊಡಲೇಬೇಕಾದ ಸಾವಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ತಿಳಿಸಿಕೊಡುವ ವಿದ್ಯೆಯನ್ನು ನಾನು ನಿಮಗೆ ಬರೀ ಪರೀಕ್ಷೆಗಾಗಿ ಕಲಿಸಿದೆನಲ್ಲಾ ಎಂಬ ಕೊರಗು ಇಂದಿಗೂ ಇದೆ.

ಈಗಲೂ ಎಲ್ಲಿಯಾದರೂ ಸದ್ದಾದರೆ ಹಳೆಯ ವಿದ್ಯಾರ್ಥಿಗಳು ಕರೆ ಮಾಡುತ್ತಾರೆ. “ಸ್ವಲ್ಪ ತಾಳಪ್ಪ, ಮೂರು ಕಡೆಯ ಲೆಕ್ಕ ಬರಲಿ” ಎನ್ನುತ್ತೇನೆ.