ಹಂಚಿನ ಊರಲ್ಲಿ ಸೈಟಿನ ಭರಾಟೆ

ಮಾಲೂರೆಂದರೆ ಹಂಚು, ಇಟ್ಟಿಗೆ. ಇಲ್ಲಿ ಸುಟ್ಟ ಕೆಂಪು ಹಂಚು ಎಷ್ಟೋ ಊರುಗಳ ಸೂರು ಏರಿತು. ಬೆಂಗಳೂರು–ಜೋಲಾರಪೇಟೆ ರೈಲು 1864ರಲ್ಲೇ ಈ ದಾರಿಯಲ್ಲಿ ಓಡಿತ್ತು.

ಸೈಟಿನ ಪೈಪೋಟಿ ಈಚಿನದು. ಹತ್ತಿರದ ನರಸಾಪುರಕ್ಕೆ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನದ ಕಾರ್ಖಾನೆ, 2020ರಲ್ಲಿ ಐಫೋನ್ ಜೋಡಿಸುವ ವಿಸ್ಟ್ರಾನ್ ಘಟಕ ಬಂದವು. ಕೋಲಾರ, ಮಾಲೂರಿನ ಸುತ್ತ ರಾಗಿ ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದವು. ಶ್ರೀನಿವಾಸಪುರದಲ್ಲಿ ಮಾತ್ರ ಇಂದಿಗೂ ಮಾವಿನ ತೋಪಿನದೇ ಮಾತು.

ಆಷಾಢದಲ್ಲಿ ಅಡ್ವಾನ್ಸ್ ಕೊಡಲು ಜನ ಹಿಂಜರಿಯುತ್ತಾರೆ. ಭೂಪರಿವರ್ತನೆಯ ಆದೇಶ, ಹಳೆಯ ಕ್ರಯಪತ್ರ ತಿರುವಿ ನೋಡಲು ಅದೇ ಒಳ್ಳೆಯ ಬಿಡುವು. ಅವಸರಕ್ಕೆ ಬಿದ್ದರೆ ವರ್ಷಗಳ ದುಡಿಮೆಯೇ ಹೋಗುತ್ತದೆ.

ಶ್ರಾವಣ ಬಂತೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿ ಮುಂದೆ ಜನವೋ ಜನ. ಪ್ಲಾಸ್ಟಿಕ್ ಕವರಿನಲ್ಲಿ ಇ.ಸಿ., ಖಾತೆ ನಕಲು. ಸೆರಗಿನ ಗಂಟಿನಲ್ಲಿ ದೇವರ ಕುಂಕುಮ.