ಹಾಡು ನಮ್ಮದು, ಬೀಗ ಯಾರದು?

ಹರಿಹರದ ಹರಿಹರೇಶ್ವರ ಗುಡಿಯ ಅಂಗಳದಲ್ಲಿ ಶಾಸನದ ಕಲ್ಲುಗಳು ನಿಂತಿವೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಈ ಗುಡಿ ಕಟ್ಟಿಸಿದ. ಕಟ್ಟಿಸಿದೆನೆಂದು ಕಲ್ಲಿನಲ್ಲಿ ಬರೆಸಿದ. ಎಂಟುನೂರು ವರ್ಷದ ಮಳೆ ಬಿಸಿಲು ತಿಂದರೂ ಹಳಗನ್ನಡ ಬಲ್ಲವರು ಇವತ್ತಿಗೂ ಅದನ್ನು ಓದುತ್ತಾರೆ. ಆದರೆ ಆ ಕಲ್ಲನ್ನು ಕಡಿದವರು, ಹೊತ್ತವರು ದಣಿವು ಮರೆಯಲು ಹಾಡಿಕೊಂಡ ಹಾಡು ಮಾತ್ರ ಯಾವ ಕಲ್ಲಿನಲ್ಲೂ ಇಲ್ಲ.

ಅದು ಹಳೆಯ ಕಾಲದ ಮಾತಾಯಿತು ಎನ್ನಬೇಡಿ. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್. ಈ ದಾರಿಯುದ್ದಕ್ಕೂ ಇರುವ ಕೇರಿಗಳಲ್ಲಿ ಹಾಡುವ ಅವ್ವಂದಿರಿದ್ದರು, ಹಲಗೆಯವರಿದ್ದರು, ಚೌಡಿಕೆಯವರಿದ್ದರು. ಇಪ್ಪತ್ತು ವರ್ಷದ ಹಿಂದೆ ಯಾರೋ ಮೇಷ್ಟ್ರು, ಯಾರೋ ಕಾಲೇಜು ಹುಡುಗ ಬೆರಳುದ್ದದ ಡಿಜಿಟಲ್ ರೆಕಾರ್ಡರು ಹಿಡಿದು ಹಾಡಿಸಿಕೊಂಡು ಹೋದರು. ಆ ಯಂತ್ರ ಈಗ ಬೀರುವಿನ ಮೂಲೆಯಲ್ಲಿದೆ. ಹಾಡಿದವರು ಮಣ್ಣಾಗಿದ್ದಾರೆ. ಹಾಡು ಒಳಗೇ ಇದೆ, ಹೊರಗೆ ಬರುತ್ತಿಲ್ಲ. ಕಲ್ಲು ಎಂಟುನೂರು ವರ್ಷ ಮಾತಾಡಿತು. ಈ ಯಂತ್ರ ಇಪ್ಪತ್ತು ವರ್ಷಕ್ಕೇ ಬಾಯಿ ಮುಚ್ಚಿತು. ಯಾಕೆ? ಈ ಪ್ರಶ್ನೆಗೆ ಉತ್ತರ ಯಂತ್ರದ ಅಂಗಡಿಯಲ್ಲಿ ಸಿಗುವುದಿಲ್ಲ. ಯಂತ್ರದ ಚರಿತ್ರೆಯಲ್ಲಿ ಹುಡುಕಬೇಕು.

ನಮ್ಮ ದೇಶದಲ್ಲಿ ಹಾಡನ್ನು ತಟ್ಟೆಗೆ ಇಳಿಸುವ ವ್ಯಾಪಾರ ಬೆಳೆದದ್ದು 1902ರಿಂದ. ಆ ವರ್ಷ ಗ್ರಾಮಫೋನ್ ಕಂಪನಿಯವರು ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಮೊದಲಾದವರ ಹಾಡು ಹಿಡಿದರು. ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ, ಹೆಚ್ಚೆಂದರೆ ಇನ್ನೊಂದಿಷ್ಟು. ಸಂಜೆ ಶುರುವಾಗಿ ಕೋಳಿ ಕೂಗುವ ತನಕ ನಡೆಯುವ ನಮ್ಮ ಕಥನದ ಹಾಡು ಆ ಮೂರು ನಿಮಿಷಕ್ಕೆ ಹಿಡಿಯುತ್ತದೆಯೇ? ಆಮೇಲೆ ರೇಡಿಯೋ ಬಂತು. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಶುರುವಾಗಿ ನಮ್ಮ ಸೀಮೆಗೂ ದನಿ ಬಂತು. ಆದರೆ ಸ್ಪೂಲ್ ಟೇಪು ಕಚೇರಿಯದು, ಮೈಕು ಕಚೇರಿಯದು. ಕರೆದರೆ ಹೋಗಬೇಕು, ಕರೆಯದಿದ್ದರೆ ಇಲ್ಲ.

ಯಂತ್ರ ಕೇರಿಗೆ ಕಾಲಿಟ್ಟದ್ದು ಕ್ಯಾಸೆಟ್ಟಿನ ಜೊತೆ. ಫಿಲಿಪ್ಸ್ ಕಂಪನಿ ಅದನ್ನು 1963ರಲ್ಲಿ ಹೊರತಂದಿತು. ಮುಂದೆ ಬೇರೆ ಕಂಪನಿಗಳೂ ಅದೇ ಅಳತೆಯಲ್ಲಿ ಮಾಡಲು ಬಿಟ್ಟುಕೊಟ್ಟಿತು. ಇದು ಸಣ್ಣ ಸಂಗತಿಯಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಈಗ ಮುಚ್ಚಿಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳನ್ನು ನೆನೆಸಿಕೊಳ್ಳಿ. ಲೇತಿನ ಮುಂದೆ ನಿಂತ ಯಾವ ಕಾರ್ಮಿಕನನ್ನು ಕೇಳಿದರೂ ಹೇಳುತ್ತಾನೆ: ಬೋಲ್ಟಿನ ಹಲ್ಲು ಎಲ್ಲರಿಗೂ ಗೊತ್ತಿರುವ ಅಳತೆಯದಾದರೆ ಯಾವ ಅಂಗಡಿಯ ನಟ್ಟಾದರೂ ಕೂರುತ್ತದೆ. ಕ್ಯಾಸೆಟ್ಟು ಅಂಥ ಬೋಲ್ಟು. ಯಾವ ಕಂಪನಿಯದನ್ನು ಯಾವ ಟೇಪಿಗೆ ಹಾಕಿದರೂ ಹಾಡುತ್ತಿತ್ತು. ನುಲಿ ಬಿಚ್ಚಿದರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದೆವು. ಹರಿದರೆ ಅಂಟಿಸುತ್ತಿದ್ದೆವು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದು ಕನ್ನಡ ಭಾವಗೀತೆಗೆ ಮನೆಮನೆಯ ದಾರಿ ತೆರೆಯಿತು. ಅದೇ ಕಾಲದಲ್ಲಿ ಹೋರಾಟದ ಹಾಡುಗಳು ಬಾಯಿಂದ ಬಾಯಿಗೆ, ಕ್ಯಾಸೆಟ್ಟಿಂದ ಕ್ಯಾಸೆಟ್ಟಿಗೆ ದಾಟಿದವು. ಹರಿಹರದಲ್ಲಿ 1938ರಲ್ಲಿ ಹುಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿ ಊರೂರು ತಿರುಗಿದ ಕಾಲ ಅದು. 1997ರಲ್ಲಿ ಅವರು ತೀರಿಕೊಂಡರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ಯಾಸೆಟ್ಟಿನ ಕಾಲವೂ ಇಳಿಮುಖವಾಯಿತು.

ಮುಂದೆ ಬಂದ ಡಿಜಿಟಲ್ ಯಂತ್ರಗಳ ಕಥೆ ಬೇರೆ. ಡಿಜಿಟಲ್ ಅಂದರೆ ದನಿಯನ್ನು ಅಂಕಿಗಳಾಗಿ ಬರೆದಿಡುವುದು. ಅಂಕಿ ನಕಲು ಮಾಡಿದರೆ ಸವೆಯುವುದಿಲ್ಲ. ನೂರನೆಯ ನಕಲೂ ಮೊದಲನೆಯದರಷ್ಟೇ ಚೊಕ್ಕ. ಬಡವನಿಗೆ ಇದಕ್ಕಿಂತ ವರ ಬೇಕೇ? ಆದರೆ ಅದೇ ಕಾರಣಕ್ಕೆ ಹಾಡು ಮಾರುವ ದೊಡ್ಡ ಕಂಪನಿಗಳು ಹೆದರಿದವು. 1987ರಲ್ಲಿ ಡ್ಯಾಟ್ ಎಂಬ ಡಿಜಿಟಲ್ ಟೇಪು ಬಂದಾಗ ನಕಲಿನ ನಕಲು ಆಗದಂತೆ ಒಳಗೇ ತಡೆ ಇಡಿಸಲು ಹಟ ಹಿಡಿದವು. 1992ರಲ್ಲಿ ಅಮೆರಿಕ ಅದನ್ನು ಕಾನೂನನ್ನೇ ಮಾಡಿತು. ಅದೇ ವರ್ಷ ಮಿನಿಡಿಸ್ಕ್ ಬಂತು. 2001ರ ಹೊತ್ತಿಗೆ ಅದಕ್ಕೂ ಕಂಪ್ಯೂಟರಿಗೂ ವಯರು ಜೋಡಿಸುವಂತಾಯಿತು. ಆದರೆ ಆ ವಯರಿನಲ್ಲಿ ಹಾಡು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿರಲಿಲ್ಲ. ತಾನೇ ಮೈಕು ಹಿಡಿದು ತುಂಬಿಕೊಂಡ ದನಿಯನ್ನು ಕಂಪ್ಯೂಟರಿಗೆ ಏರಿಸಿಕೊಳ್ಳಲು 2004ರ ಹೊಸ ಮಾದರಿ ಬರುವ ತನಕ ಕಾಯಬೇಕಾಯಿತು. ಕಂಪನಿಯ ಹಾಡು ಕಾಯಲು ಹಾಕಿದ ಬೀಗ ನಮ್ಮವ್ವನ ಸೋಬಾನೆಗೂ ಬಿತ್ತು.

ಇನ್ನು ಬೆರಳುದ್ದದ ರೆಕಾರ್ಡರುಗಳ ವಿಷಯ. ಅವುಗಳಲ್ಲಿ ಹಲವು ಬರೆದಿಡುತ್ತಿದ್ದುದು ಡಿಎಸ್‌ಎಸ್ ಎಂಬ ಲಿಪಿಯಲ್ಲಿ. ನಮ್ಮ ಸೀಮೆಯಲ್ಲಿ ಡಿಎಸ್‌ಎಸ್ ಅಂದರೆ ಏನೆಂದು ಕೂಸಿಗೂ ಗೊತ್ತು. ಆದರೆ ಇದು ಆ ಡಿಎಸ್‌ಎಸ್ ಅಲ್ಲ. ಡಿಜಿಟಲ್ ಸ್ಪೀಚ್ ಸ್ಟ್ಯಾಂಡರ್ಡ್. 1994ರಲ್ಲಿ ಜರ್ಮನಿಯ ಗ್ರುಂಡಿಗ್ ಕಂಪನಿ ಇದನ್ನು ರೂಪಿಸಿತು. ಆಮೇಲೆ ಒಲಿಂಪಸ್, ಫಿಲಿಪ್ಸ್ ಕಂಪನಿಗಳೂ ಕೈಜೋಡಿಸಿದವು. ಉದ್ದೇಶ ಹಾಡಲ್ಲ. ಸಾಹೇಬ ಕುರ್ಚಿಯಲ್ಲಿ ಕೂತು ಪತ್ರ ಹೇಳಬೇಕು, ಟೈಪಿಸ್ಟ್ ಅದನ್ನು ಕೇಳಿ ಟೈಪು ಮಾಡಬೇಕು, ಅಷ್ಟೇ.

ಅದಕ್ಕೆ ಎಷ್ಟು ಬೇಕೋ ಅಷ್ಟೇ ಅದು ಕೇಳಿಸಿಕೊಳ್ಳುತ್ತದೆ. ಸೀಡಿ ತಟ್ಟೆ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತದೆ. ಡಿಎಸ್‌ಎಸ್ ಒಳ್ಳೆಯ ಮಟ್ಟದಲ್ಲಿಟ್ಟರೂ ಅಳೆಯುವುದು ಸುಮಾರು 12,000 ಸಲ. ಸೀಡಿ ಬರೆಯುವ ಅಂಕಿಗಳಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಉಳಿಸಿಕೊಳ್ಳುತ್ತದೆ. ಒಂದು ಗಂಟಲು, ಒಂದು ನಾಲಗೆ ಮಾತಾಡುತ್ತಿದೆ ಎಂದು ಊಹಿಸಿಕೊಂಡೇ ಅದು ಲೆಕ್ಕ ಹಾಕುತ್ತದೆ. ಆದರೆ ಹಲಗೆಯ ಪೆಟ್ಟು ಗಂಟಲಿನಿಂದ ಬಂದದ್ದಲ್ಲ. ಚೌಡಿಕೆಯ ತಂತಿ ನಾಲಗೆಯಲ್ಲ. ನಾಲ್ಕು ಜನ ಹೆಂಗಸರು ಸೊಲ್ಲೆತ್ತಿದರೆ ಅದು ಒಂದು ಗಂಟಲಲ್ಲ. ಯಂತ್ರ ಕಕ್ಕಾಬಿಕ್ಕಿಯಾಗುತ್ತದೆ. ಹಲಗೆ ಅದರ ಲೆಕ್ಕದಲ್ಲಿ ಗದ್ದಲ.

ಇದು ಯಾರೋ ಕೂತು ಮಾಡಿದ ಸಂಚಲ್ಲ. ಜರ್ಮನಿಯ ಇಂಜಿನಿಯರಿಗೆ ಹಲಗೆಯ ಸುದ್ದಿಯೇ ಗೊತ್ತಿರಲಿಕ್ಕಿಲ್ಲ. ಆದರೆ ಪರಿಣಾಮ ನೋಡಿ. ದೇವರ ಮುಂದೆ, ಹೆಣದ ಮುಂದೆ ಹಲಗೆ ಬೇಕು, ಬಡಿಯುವವನು ಮಾತ್ರ ದೂರ ನಿಲ್ಲಬೇಕು ಎಂದ ಊರು ನಮ್ಮದು. ಬಿಟ್ಟಿ ಹಲಗೆ ಬಡಿಯುವುದಿಲ್ಲವೆಂದು ಎದ್ದು ನಿಂತವರು ಅದೇ ಹಲಗೆಯನ್ನು ತಮ್ಮ ಮೆರವಣಿಗೆಯ ಮುಂದೆ ಹಿಡಿದರು. ಆ ಪೆಟ್ಟಿನ ದನಿಯೇ ದಾಖಲೆಯಲ್ಲಿ ಕರಕರ ಸದ್ದಾಗಿ ಉಳಿದರೆ ನಾಳೆಯ ಮಕ್ಕಳು ಏನು ಕೇಳುತ್ತಾರೆ?

ಎರಡನೆಯ ಬೀಗ ಇನ್ನೂ ಗಟ್ಟಿ. ಕೆಲವು ಯಂತ್ರಗಳ ಫೈಲು ಡಿಎಸ್‌ಎಸ್ ಎಂದು ಮುಗಿಯುತ್ತದೆ, ಕೆಲವು ಡಿವಿಎಫ್ ಎಂದು, ಕೆಲವು ಎಂಎಸ್‌ವಿ ಎಂದು. ತೆರೆಯಲು ಆಯಾ ಕಂಪನಿಯದೇ ಪ್ರೋಗ್ರಾಮು ಬೇಕು. ಅದು ಯಂತ್ರದ ಜೊತೆ ಬಂದ ಸೀಡಿಯಲ್ಲಿತ್ತು. ಸೀಡಿ ಕಳೆದಿದೆ, ಇದ್ದರೂ ಹಳೆಯ ಪ್ರೋಗ್ರಾಮು ಹೊಸ ಕಂಪ್ಯೂಟರಿನಲ್ಲಿ ಕೂರದೆ ಹೋಗುತ್ತದೆ. ಫೈಲು ಬಂತು, ಹಾಡು ಬರಲಿಲ್ಲ. ಹಿಂದೆ ಅಕ್ಷರ ಕಲಿಯಬೇಡ ಎಂದರು. ಈಗ ಅಕ್ಷರ ಕೈಯಲ್ಲೇ ಇದೆ, ಲಿಪಿ ಕಂಪನಿಯ ಗಲ್ಲಾಪೆಟ್ಟಿಗೆಯಲ್ಲಿದೆ.

ಬೀಗ ಮುರಿದವರೂ ಇದ್ದಾರೆ. ಎಫ್‌ಎಫ್‌ಎಂಪೆಗ್ ಎಂಬ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಒಳಗಿನ ಬರಹವನ್ನೂ ಓದಬಹುದಾದ ಪ್ರೋಗ್ರಾಮು 2015ರಲ್ಲಿ ಡಿಎಸ್‌ಎಸ್‌ನ ಒಂದು ಬಗೆಯನ್ನು ಓದಲು ಕಲಿತಿತು. ಕಲಿತದ್ದನ್ನು ಬಚ್ಚಿಡಲಿಲ್ಲ, ಜಗತ್ತಿನ ಮುಂದೆ ಇಟ್ಟಿತು. 1927ರಲ್ಲಿ ಮಹಾಡಿನ ಕೆರೆಯ ನೀರನ್ನು ಅಂಬೇಡ್ಕರ್ ಮುಟ್ಟಿದ್ದು ಬಾಯಾರಿಕೆಗಲ್ಲ, ಎಲ್ಲರ ಹಕ್ಕಿಗೆ. ಆ ದೊಡ್ಡ ಹೆಜ್ಜೆಗೆ ಇದನ್ನು ಹೋಲಿಸಲಾರೆ. ಆದರೆ ಎಲ್ಲರ ಸೊತ್ತನ್ನು ಎಲ್ಲರಿಗೂ ತೆರೆಯುವ ಬುದ್ಧಿ ಒಂದೇ.

ಈಗ ಕೆಲಸದ ಮಾತು. ಬೀರುವಿನಲ್ಲಿರುವ ಯಂತ್ರ ತೆಗೆಯಿರಿ. ಹಳೆಯ ಸೆಲ್ಲು ಸೋರಿದ್ದರೆ ಒರೆಸಿ ಹೊಸದು ಹಾಕಿ. ಕಂಪ್ಯೂಟರಿಗೆ ಜೋಡಿಸಿದಾಗ ಫೈಲು ಕಂಡರೆ ಮೊದಲು ಅದನ್ನು ಹಾಗೆಯೇ ನಕಲು ಮಾಡಿ. ತೆರೆಯದಿದ್ದರೂ ಎಸೆಯಬೇಡಿ, ನಾಳೆ ಯಾರಾದರೂ ಅದರ ಬೀಗವನ್ನೂ ಮುರಿದಾರು. ತೆರೆಯದ ಹಾಡಿಗೆ ಹಳೆಯ ದಾರಿ ಇದ್ದೇ ಇದೆ. ಕಂಪನಿ ಯಾವ ಬೀಗ ಹಾಕಿದರೂ ಇಯರ್‌ಫೋನಿನ ತೂತು ಮುಚ್ಚಲಾರದು. ಎರಡೂ ತುದಿಗೆ ಸಣ್ಣ ಪಿನ್ನಿರುವ ಒಂದು ವಯರು ತನ್ನಿ. ಒಂದು ತುದಿ ರೆಕಾರ್ಡರಿನ ಇಯರ್‌ಫೋನ್ ತೂತಿಗೆ, ಇನ್ನೊಂದು ಕಂಪ್ಯೂಟರಿನ ಲೈನ್-ಇನ್ ತೂತಿಗೆ. ಮೈಕಿನ ತೂತಿಗೆ ಹಾಕಿದರೆ ದನಿ ಒಡೆಯುವುದೇ ಹೆಚ್ಚು. ಅದೊಂದೇ ಇದ್ದರೆ ವಾಲ್ಯೂಮನ್ನು ತೀರಾ ಕೆಳಗಿಡಿ. ಆಡಾಸಿಟಿಯಂಥ ಪುಕ್ಕಟೆ ಪ್ರೋಗ್ರಾಮಿನಲ್ಲಿ ಹಿಡಿಯಿರಿ. ಗೆರೆ ಮೇಲಿನ ಅಂಚು ತಾಗದಂತೆ ನೋಡಿಕೊಳ್ಳಿ. ಒಂದು ತಾಸಿನ ಹಾಡಿಗೆ ಒಂದು ತಾಸು ಕೂರಲೇಬೇಕು. ಕೂತು ಕೇಳ್ರಿ, ಏನು ಹೋಗುತ್ತದೆ! ವೇವ್ ಫೈಲಾಗಿ ಇಡಿ. ಸೀಡಿ ಮಟ್ಟದಲ್ಲಿ ತಾಸಿಗೆ ಸುಮಾರು 635 ಎಂಬಿ, ಮೋನೊ ಆದರೆ ಅರ್ಧ. ಮೂರು ನಕಲು ಮಾಡಿ, ಮೂರು ಕಡೆ ಇಡಿ.

ಇಷ್ಟು ಮಾಡಿದರೂ ಡಿಎಸ್‌ಎಸ್ ನುಂಗಿದ ಹಲಗೆ ವಾಪಸು ಬರುವುದಿಲ್ಲ. ಹೋದದ್ದು ಹೋಯಿತು. ಆದ್ದರಿಂದ ಹಾಡಿದವರು ಇನ್ನೂ ಬದುಕಿದ್ದರೆ ಇವತ್ತೇ ಹೋಗಿ. ಈಗಿನ ರೆಕಾರ್ಡರಿನಲ್ಲಿ ವೇವ್ ಎಂದು ಇಟ್ಟುಕೊಂಡು ಮತ್ತೊಮ್ಮೆ ಹಾಡಿಸಿ.

ಕಡೆಯದಾಗಿ ಹೆಸರಿನ ಮಾತು. ಪೊಲಾಳ್ವ ತನ್ನ ಹೆಸರು ಕಲ್ಲಿಗೆ ಹಾಕಿಸಿದ. ನಮ್ಮ ಎಷ್ಟೋ ಜನಪದ ಗೀತೆಯ ಪುಸ್ತಕಗಳಲ್ಲಿ ಸಂಗ್ರಹಿಸಿದವರ ಹೆಸರು ಮುಖಪುಟದಲ್ಲಿ ದಪ್ಪಕ್ಷರದಲ್ಲಿದೆ, ಹಾಡಿದವಳ ಹೆಸರು ಎಲ್ಲೂ ಇಲ್ಲ. ಕಂಪ್ಯೂಟರಿಗೆ ಇಳಿಸಿದ ಫೈಲಿಗೆ ಯಂತ್ರ ಕೊಟ್ಟ ನಂಬರು ಮಾತ್ರ ಇದ್ದರೆ ನಾವೂ ಅದೇ ತಪ್ಪು ಮಾಡಿದಂತೆ. ಯಾರು ಹಾಡಿದರು, ಯಾವ ಕೇರಿ, ಯಾವ ವರ್ಷ, ಹಲಗೆ ಯಾರದು, ಬರೆಯಿರಿ. ಹೆಸರು ಹಾಕುವುದಕ್ಕೂ ಹಾಡನ್ನು ಹೊರಗೆ ಹಂಚುವುದಕ್ಕೂ ಅವರನ್ನು ಕೇಳಿ. ಅವರಿಲ್ಲದಿದ್ದರೆ ಮಕ್ಕಳನ್ನು ಕೇಳಿ. ಒಂದು ನಕಲನ್ನು ಆ ಮನೆಗೇ ಕೊಟ್ಟು ಬನ್ನಿ. ಮೊಬೈಲಿನಲ್ಲಿ ತಮ್ಮವ್ವನ ದನಿ ಕೇಳುವ ಹಕ್ಕು ಎಲ್ಲರಿಗಿಂತ ಮೊದಲು ಅವರದು.