ಚೈತ್ರದ ಬಿಸಿಲು, ಬಳ್ಳಿಗಾವೆಯ ಕಲ್ಲು

ಏಪ್ರಿಲ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ: "ಮಕ್ಕಳಿಗೆ ರಜೆ ಇದೆ, ಶಾಸನ ತೋರಿಸ್ಕೊಂಡು ಬರೋಕೆ ಎಲ್ಲಿಗೆ ಹೋಗೋಣ?" ಬಹಳ ಸಲ ನನ್ನ ಉತ್ತರ ಬಳ್ಳಿಗಾವೆ. ಶಿವಮೊಗ್ಗ ಜಿಲ್ಲೆ, ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಪಕ್ಕದಲ್ಲೇ ಇದೆ. ಇವತ್ತು ಹಳ್ಳಿ, ಒಂದು ಕಾಲಕ್ಕೆ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ. ಕೇದಾರೇಶ್ವರ, ತ್ರಿಪುರಾಂತಕ ಗುಡಿಗಳು, 1047ರಲ್ಲಿ ಚಾಮುಂಡರಾಯ ನಿಲ್ಲಿಸಿದ ಗಂಡಭೇರುಂಡದ ಕಂಬ, ಜೊತೆಗೆ ಹಾಳೆ ತಿರುವಿದ ಹಾಗೆ ಒಂದಾದ ಮೇಲೊಂದು ಶಾಸನಗಳು. 1065ರ ಹೊತ್ತಿಗೆ ದಂಡನಾಯಕ ರೂಪಭಟ್ಟಯ್ಯ ಇಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ್ದ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲರೂ ಇದ್ದ ಪೇಟೆ ಇದು.

ಬೇಸಿಗೆಯ ಊರಹಬ್ಬ, ಜಾತ್ರೆ, ಶಿಬಿರ ಅಂದ್ರೆ ನಾವೇನೋ ಹೊಸದಾಗಿ ಕಂಡುಹಿಡಿದದ್ದು ಅಂದುಕೊಳ್ಳಬೇಡಿ. ಕಲ್ಯಾಣ ಚಾಲುಕ್ಯರ, ಹೊಯ್ಸಳರ ಕಾಲದ ದಾನಶಾಸನಗಳನ್ನು ನಾಲ್ಕಾರು ಓದಿದವರಿಗೆ ಒಂದು ಜೋಡಿಪದ ಕಣ್ಣಿಗೆ ಬಿದ್ದೇ ಬೀಳುತ್ತದೆ: 'ಚೈತ್ರ ಪವಿತ್ರ'. ಚೈತ್ರ ಅಂದರೆ ವಸಂತದಲ್ಲಿ ದೇವರಿಗೆ ನಡೆಯುವ ಉತ್ಸವ. ಪವಿತ್ರ ಅಂದರೆ ಮಳೆಗಾಲದಲ್ಲಿ ದೇವರಿಗೆ ನೂಲಿನ ಪವಿತ್ರ ಏರಿಸುವ ವಿಧಿ. ಇವೆರಡಕ್ಕೂ ಎಣ್ಣೆ, ಅಕ್ಕಿ, ಹೂವಿನ ಖರ್ಚಿಗೆ ಭೂಮಿ ಬಿಡುತ್ತಿದ್ದರು. ಕೆಲವು ಶಾಸನಗಳಲ್ಲಿ ಅರವಂಟಿಗೆಗೂ ದತ್ತಿ ಉಂಟು. ದಾರಿಹೋಕರಿಗೆ ಬಿಸಿಲಲ್ಲಿ ನೀರು ಕೊಡುವ ನಮ್ಮ ಅರವಟಿಗೆಯೇ ಅದು. ಅದರ ಜೊತೆಗೇ ಚಳಿಗಾಲದ ಅಗ್ಗಿಷ್ಟಿಗೆಗೂ ದತ್ತಿ ಬಿಟ್ಟವರಿದ್ದಾರೆ. ರಾಮನವಮಿಯ ದಿನ ಪಾನಕದ ಲೋಟ ಹಿಡಿದು ನಿಂತಾಗ ನನಗೆ ಆ ಸಾಲುಗಳೇ ನೆನಪಾಗೋದು.

ಆದರೆ ಅದೇ ದಾನದ ಪಟ್ಟಿಯಲ್ಲಿ, ಸಾಮಾನ್ಯವಾಗಿ ಚೈತ್ರ ಪವಿತ್ರದ ಆಚೀಚೆಗೇ, ಇನ್ನೊಂದು ಮಾತು ಇರುತ್ತದೆ: 'ಖಂಡಸ್ಫುಟಿತ ಜೀರ್ಣೋದ್ಧಾರ'. ಮುರಿದದ್ದನ್ನು, ಸೀಳಿದ್ದನ್ನು ಸರಿಪಡಿಸುವುದು. ಹಬ್ಬಕ್ಕೆ ದುಡ್ಡು ಇಟ್ಟವರು ದುರಸ್ತಿಗೂ ಇಟ್ಟೇ ಇಟ್ಟರು. ನಾವು ಮೊದಲನೆಯದನ್ನು ಜೋರಾಗಿ ಮಾಡುತ್ತೇವೆ. ಎರಡನೆಯದಕ್ಕೆ ಕೈ ಹಾಕಿದಾಗಲೇ ಎಡವುವುದು.

ಕೋಡಿಯ ಮಠದ 1162ರ ಶಾಸನವನ್ನು ಮಕ್ಕಳ ಮುಂದೆ ಇಟ್ಟರೆ ಅವರ ಕಣ್ಣು ಅಗಲವಾಗುತ್ತದೆ. ಕಳಚುರಿ ಬಿಜ್ಜಳನ ಕಾಲದ್ದು. ಕಾಳಾಮುಖ ಯತಿಗಳು ನಡೆಸುತ್ತಿದ್ದ ಈ ಮಠದಲ್ಲಿ ಏನೇನು ನಡೆಯುತ್ತಿತ್ತು ಅನ್ನೋದರ ದೊಡ್ಡ ಪಟ್ಟಿ ಅದು. ನಾಲ್ಕು ವೇದ, ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳು, ಆರು ದರ್ಶನ, ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಹದಿನೆಂಟು ಪುರಾಣ. ಇಷ್ಟಕ್ಕೇ ನಿಂತಿದ್ದರೆ ಅದೂ ಒಂದು ಪಾಠಶಾಲೆ ಅಂದು ಮುಂದೆ ಹೋಗಬಹುದಿತ್ತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ. ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೂ ಅನ್ನ. ದಿಕ್ಕಿಲ್ಲದ ರೋಗಿಗಳಿಗೆ ಔಷಧ. ಎಲ್ಲ ಜೀವಕ್ಕೂ ಅಭಯ. ನನ್ನ ಜೊತೆ ಬಂದಿದ್ದ ಒಬ್ಬ ಹುಡುಗಿ, ಆರನೇ ಕ್ಲಾಸು ಇರಬೇಕು, "ಹಾಗಾದ್ರೆ ಇದು ಸ್ಕೂಲೂ ಆಸ್ಪತ್ರೆನೂ ಹಾಸ್ಟೆಲ್ಲೂ ಎಲ್ಲ ಒಂದೇ ಕಡೆನಾ?" ಅಂದಳು. ಅದಕ್ಕಿಂತ ಚೊಕ್ಕವಾದ ಸಾರಾಂಶ ನನಗೂ ಬರುತ್ತಿರಲಿಲ್ಲ.

ಮಕ್ಕಳಿಗೆ ಲಿಪಿ ಕಲಿಸುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮೊದಲು ಕಲ್ಲಿನ ನೆತ್ತಿ ನೋಡಿಸಿ: ಲಿಂಗ, ಪೂಜೆ ಮಾಡುವವನು, ಹಾಲುಣಿಸುವ ಹಸು, ಮೇಲೆ ಸೂರ್ಯ ಚಂದ್ರ. ಇವು ಇರುವವರೆಗೆ ಈ ದಾನ ನಡೆಯಲಿ ಅನ್ನೋದು ಅದರ ಅರ್ಥ. ಆಮೇಲೆ 'ಸ್ವಸ್ತಿ' ಹುಡುಕಲು ಹೇಳಿ. ಅದು ಸಿಕ್ಕಿತು ಅಂದ್ರೆ 'ಶ್ರೀ' ಸಿಗುತ್ತದೆ, ಚಾಲುಕ್ಯರದಾದರೆ 'ಸಮಸ್ತ ಭುವನಾಶ್ರಯ' ಸಿಗುತ್ತದೆ. ಅರ್ಧ ಗಂಟೆಯಲ್ಲಿ ಹತ್ತು ಅಕ್ಷರ ಗುರುತು ಹಿಡಿಯುತ್ತವೆ. ತಮಗೇ ಬಂತು ಅನ್ನೋ ಖುಷಿ ಇದೆಯಲ್ಲ, ಅದಕ್ಕೋಸ್ಕರ ಮಧ್ಯಾಹ್ನದ ಊಟ ಕೂಡ ಮರೆಯುತ್ತವೆ.

ಈಗ ಕಷ್ಟದ ಮಾತಿಗೆ ಬರೋಣ. ಅಕ್ಷರ ಕಾಣಿಸದಿದ್ದಾಗ ಏನು ಮಾಡುತ್ತೀರಿ?

ನಾನು ಮಾಡಿದ್ದನ್ನೇ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಬೇರೆ ಒಂದು ಊರಿನಲ್ಲಿ, ಗುಡಿಯ ಹಿಂದಿದ್ದ ಒಂದು ವೀರಗಲ್ಲಿನ ಸಾಲುಗಳಿಗೆ ಸೀಮೆಸುಣ್ಣ ತುಂಬಿದೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು, ಫೋಟೋ ಚೆನ್ನಾಗಿ ಬರುತ್ತೆ ಅಂತ. ಆ ಕಾಲದ ಲಿಪಿಯಲ್ಲಿ ಪ, ವ, ಮಗಳ ನಡುವೆ ಇರುವ ವ್ಯತ್ಯಾಸ ಒಂದು ಸಣ್ಣ ಗೆರೆಯದು. ಕಲ್ಲಿನ ಒಂದು ಬಿರುಕನ್ನು ನಾನು ಗೆರೆ ಅಂದುಕೊಂಡೆ. ಸತ್ತ ವೀರನ ಹೆಸರೇ ಬದಲಾಯಿತು. ಎರಡು ವರ್ಷದ ಮೇಲೆ ಮತ್ತೆ ಹೋದಾಗ ಇಳಿಬಿಸಿಲು ಓರೆಯಾಗಿ ಬಿದ್ದಿತ್ತು. ತಪ್ಪು ತಾನಾಗಿಯೇ ಕಂಡಿತು. ಅಷ್ಟರಲ್ಲಿ ನನ್ನ ಸುಣ್ಣದ ಅಕ್ಷರಗಳ ಫೋಟೋ ತೆಗೆದುಕೊಂಡವರು ಹಲವರು, ಅದನ್ನೇ ಓದಿಕೊಂಡು ಬರೆದವರೂ ಇದ್ದರು. ಅವರು ಓದಿದ್ದು ಶಾಸನವನ್ನಲ್ಲ, ನನ್ನ ಊಹೆಯನ್ನು.

ಸುಣ್ಣ ಮಳೆಗೆ ಹೋಗುತ್ತದೆ ಬಿಡಿ. ಹೋಗದವು ಬೇರೆ ಇವೆ. ಊರಹಬ್ಬ ಹತ್ತಿರ ಬಂತು ಅಂತ ಗುಡಿಗೆ ಬಳಿಯುವಾಗ ಪಕ್ಕದ ಶಾಸನಕ್ಕೂ ಆಯಿಲ್ ಪೇಂಟ್ ಬಳಿಯುವುದು. ಅದನ್ನು ತೆಗೆಯಲು ಇನ್ನೊಂದು ಗುಂಪು ತಂತಿ ಬ್ರಶ್ಶು, ಆಸಿಡ್ಡು ಹಿಡಿದು ಬರುವುದು. ಗುಡಿಯ ಗೋಡೆಗೆ ಮರಳು ಸಿಡಿಸಿ 'ಹೊಳಪು' ಕೊಡುವುದು. ಇವರಲ್ಲಿ ಯಾರೂ ಕೆಟ್ಟವರಲ್ಲ, ಅದೇ ತೊಂದರೆ. ಬಳಪದ ಕಲ್ಲಿನ ಮೇಲೆ ಉಗುರಿನಿಂದ ಗೀರಿದರೂ ಗುರುತು ಉಳಿಯುತ್ತದೆ; ಎಂಟು ನೂರು ವರ್ಷ ಮಳೆಗೆ ಅಳಿಯದ ಅಕ್ಷರ ಒಂದು ಭಾನುವಾರದ 'ಸ್ವಚ್ಛತಾ ಅಭಿಯಾನ'ದಲ್ಲಿ ಹೋಗಬಹುದು. ಹೋದದ್ದು ಏನು ಅಂತ ಗೊತ್ತಾಗುವುದೂ ಹಳೆಯ ದಾಖಲೆ ಇದ್ದರೆ ಮಾತ್ರ. ಬಳ್ಳಿಗಾವೆಯ ಪುಣ್ಯ, ಅದಕ್ಕೆ ದಾಖಲೆ ಇದೆ. 1865ರಲ್ಲಿ ಮೇಜರ್ ಡಿಕ್ಸನ್ ತೆಗೆದ ಫೋಟೋಗಳು, ಅವನ್ನು ಆಧರಿಸಿ 1879ರಲ್ಲಿ ಬಂದ ಬಿ.ಎಲ್. ರೈಸರ ಪುಸ್ತಕ, ಆಮೇಲೆ 1902ರ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟ. ನಿಮ್ಮೂರಿನ ಹೊಲದ ಬದುವಿನಲ್ಲಿರುವ ಕಲ್ಲಿಗೆ ಇದರಲ್ಲಿ ಯಾವುದೂ ಇಲ್ಲದಿರಬಹುದು.

ಹಾಗಾದ್ರೆ ಮುಟ್ಟಲೇಬಾರದಾ? ಹಾಗಲ್ಲ. ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲಾದರೆ ನಮ್ಮ ಕೈ ಜೇಬಿನಲ್ಲೇ ಇರಬೇಕು. 1958ರ ಕಾಯ್ದೆಯಿದೆ, ಅಚ್ಚು ತೆಗೆಯುವುದಕ್ಕೂ ಅನುಮತಿ ಬೇಕು. ಊರ ನಡುವಿನ ಅನಾಥ ಕಲ್ಲಾದರೆ ಊರವರನ್ನು ಕೇಳಿ, ಬರೀ ನೀರು, ತೆಂಗಿನ ನಾರಿಗಿಂತ ಮೆತ್ತಗಿನ ಬ್ರಶ್ಶು, ಅಷ್ಟೇ. ಕಲ್ಲುಹೂ ಕಿತ್ತು ಬರದಿದ್ದರೆ ಬಿಟ್ಟುಬಿಡಿ. ಓದಲು ಬೇಕಾದದ್ದು ಓರೆ ಬೆಳಕು. ಬೆಳಿಗ್ಗೆ ಏಳರಿಂದ ಎಂಟೂವರೆ, ಇಲ್ಲವೇ ಸಂಜೆ ಐದರ ಮೇಲೆ. ನಡುಮಧ್ಯಾಹ್ನವಾದರೆ ಒಂದು ಕನ್ನಡಿ ತಗೊಳ್ಳಿ, ಒಂದು ಮಗು ದೂರ ನಿಂತು ಬಿಸಿಲನ್ನು ಪಕ್ಕದಿಂದ ಕಲ್ಲಿಗೆ ಹಾಯಿಸಲಿ. ಮಕ್ಕಳಿಗೆ ಇದು ಆಟ, ನಮಗೆ ಪಾಠ. ರಾತ್ರಿ ಟಾರ್ಚನ್ನು ಕಲ್ಲಿಗೆ ಒತ್ತಿದಂತೆ ಅಡ್ಡ ಹಿಡಿದರೆ ಹಗಲಲ್ಲಿ ಕಾಣದ ಸಾಲು ಎದ್ದು ಬರುತ್ತದೆ. ಪಕ್ಕದಲ್ಲಿ ಒಂದು ಸ್ಕೇಲಿಟ್ಟು ನಾಲ್ಕು ದಿಕ್ಕಿನ ಬೆಳಕಲ್ಲಿ ನಾಲ್ಕು ಫೋಟೋ ತೆಗೆಯಿರಿ.

ಬೇಸಿಗೆಗೆ ಇನ್ನೊಂದು ಲಾಭ ಇದೆ. ಕೆರೆ ಬತ್ತುತ್ತದೆ. ಏರಿಯ ಬುಡದಲ್ಲೋ ತೂಬಿನ ಹತ್ತಿರವೋ ಮುಳುಗಿದ್ದ ಕಲ್ಲುಗಳು ಹೊರಗೆ ಬರುತ್ತವೆ. ಹೂಳೆತ್ತುವ ಜೆಸಿಬಿಯೂ ಅದೇ ತಿಂಗಳು ಬರುತ್ತದೆ. ಯಂತ್ರ ಇಳಿಯುವ ಮುಂಚೆ ಒಂದು ಬೆಳಿಗ್ಗೆ ಊರ ಮಕ್ಕಳನ್ನು ಕರೆದುಕೊಂಡು ಕೆರೆಯಂಗಳ ಸುತ್ತಿಬಂದರೆ, ಬೇಸಿಗೆ ಶಿಬಿರದ ಎಲ್ಲ ಚಿತ್ರಕಲೆ ಸ್ಪರ್ಧೆಗಳಿಗಿಂತ ಹೆಚ್ಚು ಕೆಲಸ ಆದ ಹಾಗೆ.

ಹಾಗೆ ಸುತ್ತುವಾಗ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ಬಂದು ಪಕ್ಕದಲ್ಲಿ ಕೂತರು. "ನಿಧಿ ಎಲ್ಲೈತೆ ಅಂತ ಬರ್ದಾರೇನಪ್ಪ?" ಎಲ್ಲ ಊರಲ್ಲೂ ಕೇಳುವ ಪ್ರಶ್ನೆ, ಎಷ್ಟೋ ಕಲ್ಲುಗಳ ಬುಡ ಅಗೆಸಿರುವ ಪ್ರಶ್ನೆ. "ಇಲ್ಲ ಅಜ್ಜಿ, ಕೆರೆ ನೋಡ್ಕೊಳ್ಳೋನಿಗೆ ಗದ್ದೆ ಕೊಟ್ಟಿದ್ದಾರೆ, ಅದನ್ನ ಕಿತ್ಕೊಂಡೋನಿಗೆ ಕಾಶಿಯಲ್ಲಿ ಸಾವಿರ ಹಸು ಕೊಂದ ಪಾಪ ಬರಲಿ ಅಂದಿದ್ದಾರೆ" ಅಂದೆ. ಅವರು ಸ್ವಲ್ಪ ಹೊತ್ತು ಬತ್ತಿದ ಕೆರೆಯ ಕಡೆ ನೋಡಿದರು. ಆಮೇಲೆ, "ನಮ್ಮ ಕೊಟ್ಟಿಗೆ ಹಿಂದೆ ಇಂಥದೇ ಒಂದೈತೆ, ಬಟ್ಟೆ ಒಗೀತೀವಿ ಅದರ ಮ್ಯಾಲೆ. ಬಾ ತೋರಿಸ್ತೀನಿ" ಅಂತ ಎದ್ದರು. ಕನ್ನಡಿ ಹಿಡಿದ ಹುಡುಗರು ನನಗಿಂತ ಮೊದಲೇ ಅವರ ಹಿಂದೆ ಓಡಿದ್ದರು.